1965ರ ಚೂಡಿದಾರ್ ಈಗ ಯಾಕೆ ಹಾಗೆ ಕೂರುವುದಿಲ್ಲ? ಹಳೇ ಸಿನಿಮಾ ಉಡುಪುಗಳ ಬಗ್ಗೆ ಒಂದು ಚರ್ಚೆ

ಹೊಲಿಗೆಮನೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಹೆಂಗಸರ ಬಟ್ಟೆ ಹೊಲಿಯುವ ಸಣ್ಣ ಅಂಗಡಿ ನಡೆಸುತ್ತೇನೆ. ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ಹಳೇ ಹಿಂದಿ ಸಿನಿಮಾ ಫೋಟೋ ಹಿಡಿದು "ಆಂಟಿ, ಇದೇ ಥರ ಬೇಕು" ಅಂತ ಬರುವುದು ಈಚೆಗೆ ಜಾಸ್ತಿಯಾಗಿದೆ. ಎರಡು ಫೋಟೋಗಳಂತೂ ಮತ್ತೆ ಮತ್ತೆ ಬರುತ್ತವೆ. ಒಂದು, 1965ರ 'ವಕ್ತ್' ಚಿತ್ರದಲ್ಲಿ ಸಾಧನಾ ತೊಟ್ಟ ಬಿಗಿ ಚೂಡಿದಾರ್ ಮತ್ತು ತೋಳಿಲ್ಲದ ಕುರ್ತಾ. ಇನ್ನೊಂದು, 1968ರ 'ಬ್ರಹ್ಮಚಾರಿ'ಯ ಹಾಡಿನಲ್ಲಿ ಮುಮ್ತಾಜ್ ಉಟ್ಟ ಕಿತ್ತಳೆ ಬಣ್ಣದ ಸೀರೆ.

ಎರಡನ್ನೂ ರೂಪಿಸಿದ್ದು ಒಬ್ಬರೇ, ಭಾನು ಅಥೈಯಾ. ಹುಡುಗಿಯರಿಗೆ ನಟಿಯರ ಹೆಸರು ಗೊತ್ತು, ಇವರ ಹೆಸರು ಗೊತ್ತಿಲ್ಲ. ಅದು ನನಗೆ ಬೇಸರ ತರುತ್ತದೆ. ಆ ಬಟ್ಟೆ ಚೆಂದ ಕಂಡಿದ್ದು ನಟಿಯ ಮೈಕಟ್ಟಿನಿಂದ ಮಾತ್ರ ಅಲ್ಲ. ಕತ್ತರಿ ಹಿಡಿದವರ ತಲೆ ಅದರಲ್ಲಿದೆ.

ಮೊದಲು ಚೂಡಿದಾರ್ ವಿಷಯ. ಈಗಿನ ಲೆಗ್ಗಿಂಗ್ಸ್ ಬಟ್ಟೆಯಲ್ಲಿ ಸ್ಪ್ಯಾಂಡೆಕ್ಸ್ ನೂಲು ಇರುತ್ತದೆ, ಎಳೆದರೆ ಹಿಗ್ಗುತ್ತದೆ. ಆ ನೂಲನ್ನು ಅಮೆರಿಕದಲ್ಲಿ ಕಂಡುಹಿಡಿದದ್ದೇ 1958ರಲ್ಲಿ. ನಮ್ಮ ಹಳೇ ಚೂಡಿದಾರ್ ಹಿಗ್ಗುತ್ತಿದ್ದದ್ದು ನೂಲಿನಿಂದಲ್ಲ, ಕ್ರಾಸ್ ಕಟಿಂಗ್‌ನಿಂದ. ಬಟ್ಟೆಯನ್ನು ಮೊದಲು ಚೀಲದ ಹಾಗೆ ಓರೆಯಾಗಿ ಜೋಡಿಸಿ ಹೊಲಿದು, ಆಮೇಲೆ ಕಾಲಿನ ಆಕಾರ ಕತ್ತರಿಸುತ್ತಾರೆ. ಆಗ ಸಾದಾ ಹತ್ತಿ ಬಟ್ಟೆಯೂ ಮೊಣಕಾಲು ಮಡಚಿದಾಗ ಜೊತೆಗೆ ಬರುತ್ತದೆ. ಉದ್ದ ಹತ್ತು ಇಂಚಿನಷ್ಟಾದರೂ ಜಾಸ್ತಿ ಇಡಬೇಕು, ಆ ಹೆಚ್ಚುವರಿ ಉದ್ದವೇ ಕಾಲ ಗಿಣ್ಣಿನ ಹತ್ತಿರ ಬಳೆಯ ಹಾಗೆ ಸುತ್ತಿಕೊಂಡು ನಿಲ್ಲುವುದು. ಈಗ ರೆಡಿಮೇಡ್‌ನವರು ಬಟ್ಟೆ ಉಳಿಸಲು ನೇರ ಕತ್ತರಿಸುತ್ತಾರೆ. ಬಟ್ಟೆ ಕೂರುವುದಿಲ್ಲ, ಒಂದೋ ಜೋತು ಬೀಳುತ್ತದೆ, ಇಲ್ಲವೇ ಮೊಣಕಾಲಲ್ಲಿ ಬಿರಿಯುತ್ತದೆ.

ಕುರ್ತಾ ಕೂಡ ಹಾಗೇ. ಮುಂದೆ ಹಿಂದೆ ಡಾಟ್ಸ್, ಅಂದರೆ ಒಳಕ್ಕೆ ಮಡಚಿ ಹೊಲಿಯುವ ಚೂಪು ಮಡಿಕೆ, ಹಿಡಿದು ಸೊಂಟಕ್ಕೆ ಸರಿಯಾಗಿ ಕೂರಿಸಿದ್ದಾರೆ. ಪಕ್ಕದ ಓಪನ್ ಎತ್ತರಕ್ಕಿದೆ, ಹಾಗಾಗಿ ಅಷ್ಟು ಬಿಗಿ ಇದ್ದರೂ ನಡೆಯಲು ಬರುತ್ತದೆ. ಅಂಥ ಉಡುಪಿನ ಬಗ್ಗೆ ನಿರ್ದೇಶಕ ಯಶ್ ಚೋಪ್ರಾಗೆ ಮೊದಲು ಅನುಮಾನವಿತ್ತು ಎಂದು ಸಾಧನಾ ಹೇಳಿಕೊಂಡಿದ್ದರು. ಸಿನಿಮಾ ಬಂದ ಮೇಲೆ ಊರೂರಿನ ಟೈಲರ್‌ಗಳು ಅದನ್ನೇ ಹೊಲಿದರು.

ನಿಮಗೆ ಗೊತ್ತಿರುವುದನ್ನೂ ಬರೆಯಿರಿ. ಹಳೇ ಸಿನಿಮಾದ ಯಾವ ಉಡುಪು ನಿಮ್ಮ ಕಣ್ಣಲ್ಲಿ ನಿಂತಿದೆ, ಯಾಕೆ?

ಕಪ್ಪುಬಿಳುಪು

ಒಳ್ಳೆ ವಿಷಯ ತೆಗೆದಿರಿ ಮೇಡಂ. ಸಾಧನಾ ಎಂದ ಕೂಡಲೇ ಅವರ ಹಣೆಯ ಮೇಲಿನ ಕೂದಲು ನೆನಪಾಗುತ್ತದೆ. 1960ರ 'ಲವ್ ಇನ್ ಸಿಮ್ಲಾ' ಚಿತ್ರಕ್ಕಾಗಿ ನಿರ್ದೇಶಕ ಆರ್.ಕೆ. ನಯ್ಯರ್ ಆಡ್ರಿ ಹೆಪ್‌ಬರ್ನ್ ಅವರ ಕೂದಲಿನ ಮಾದರಿಯಲ್ಲಿ ಅದನ್ನು ಕತ್ತರಿಸುವಂತೆ ಮಾಡಿದರು. ಅಗಲ ಹಣೆ ಮುಚ್ಚುವುದಕ್ಕೆ ಮಾಡಿದ ಉಪಾಯ ಅದು. ದೇಶ ತುಂಬಾ 'ಸಾಧನಾ ಕಟ್' ಆಯಿತು.

ನನಗೆ ಜಾಸ್ತಿ ಇಷ್ಟ ಕಪ್ಪುಬಿಳುಪು ಚಿತ್ರಗಳ ಬಟ್ಟೆ. ಅಲ್ಲಿ ಬಣ್ಣ ಇಲ್ಲ ಅಲ್ವಾ, ಹಾಗಾದರೆ ಉಡುಪು ಮಾಡುವವರು ಏನನ್ನು ನಂಬಿಕೊಂಡು ಕೆಲಸ ಮಾಡುತ್ತಿದ್ದರು? ಮೂಕಿ ಚಿತ್ರಗಳ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಲಿಪ್‌ಸ್ಟಿಕ್ ಕಪ್ಪಾಗಿ ಬರುತ್ತಿತ್ತು, ತಿಳಿ ನೀಲಿ ಬಟ್ಟೆ ಬೆಳ್ಳಗೆ ಬರುತ್ತಿತ್ತು. 1920ರ ದಶಕದ ಕೊನೆಗೆ ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದ ಮೇಲೂ ಒಂದು ತೊಂದರೆ ಉಳಿಯಿತು. ಕೆಂಪು ಸೀರೆ, ಹಸಿರು ರವಿಕೆ ಎದುರಿಗೆ ನೋಡಿದರೆ ಜಗಳಕ್ಕೆ ನಿಂತಂತಿರುತ್ತವೆ. ತೆರೆಯ ಮೇಲೆ ಎರಡೂ ಒಂದೇ ಬೂದು. ಅಚ್ಚ ಬಿಳಿಯದು ಇನ್ನೊಂದು ತಾಪತ್ರಯ, ದೀಪದ ಬೆಳಕಿಗೆ ಅದು ಉರಿದು ಮಡಿಕೆಗಳೇ ಕಾಣುವುದಿಲ್ಲ. ಅದಕ್ಕೇ ಬಿಳಿ ಬಟ್ಟೆಯನ್ನು ಚಹಾ ನೀರಿನಲ್ಲಿ ಅದ್ದಿ ಸ್ವಲ್ಪ ಮಂಕು ಮಾಡುವ ರೂಢಿ ಚಿತ್ರರಂಗದಲ್ಲಿದೆ.

ಹಾಗಾಗಿ ಅವರು ಬಟ್ಟೆಯ ಮೈ ನೋಡುತ್ತಿದ್ದರು. ಸ್ಯಾಟಿನ್ ಬೆಳಕನ್ನು ಎಸೆಯುತ್ತದೆ, ಮಖಮಲ್ ಬೆಳಕನ್ನು ನುಂಗುತ್ತದೆ, ಜರಿ ಚುಕ್ಕಿ ಚುಕ್ಕಿಯಾಗಿ ಮಿನುಗುತ್ತದೆ, ಒರಟು ಹತ್ತಿ ಸುಮ್ಮನೆ ಇರುತ್ತದೆ. 1955ರ 'ಶ್ರೀ 420' ಮತ್ತೆ ನೋಡಿ. ನರ್ಗಿಸ್ ಪಾತ್ರದ ಹೆಸರು ವಿದ್ಯಾ, ಮೇಷ್ಟ್ರ ಕೆಲಸ, ಸಾದಾ ಸೀರೆ. ನಾದಿರಾ ಪಾತ್ರದ ಹೆಸರು ಮಾಯಾ, ಮೈಗಂಟಿದ ಹೊಳೆಯುವ ಗೌನು. ರಾಜ್ ಕಪೂರ್ ಯಾರ ಕಡೆ ವಾಲುತ್ತಿದ್ದಾನೆ ಎಂದು ಮಾತು ಕೇಳದೆಯೇ ತಿಳಿಯುತ್ತದೆ. ನಾದಿರಾಗೆ ಆ ಉಡುಪು ಮಾಡಿಕೊಟ್ಟಿದ್ದೂ ಇದೇ ಭಾನು ಅಥೈಯಾ, ಪೂರ್ತಿ ಚಿತ್ರದ ವಸ್ತ್ರವಿನ್ಯಾಸ ಅವರ ಕೈಗೆ ಬರುವ ಮೊದಲೇ.

ಹುಬ್ಬಳ್ಳಿ ಓದುಗ

ಭಾನು ಅವರ ಬಗ್ಗೆ ನಾಲ್ಕು ಮಾತು ನಾನೂ ಸೇರಿಸುತ್ತೇನ್ರಿ. ನಮ್ಮ ಗಡಿಯಾಚೆ ಹತ್ತಿರದ ಊರಿನವರು ಅವರು. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದರು. ತಂದೆ ಅಣ್ಣಾಸಾಹೇಬ್ ರಾಜೋಪಾಧ್ಯೆ ಚಿತ್ರಕಾರರು. ಬಾಬುರಾವ್ ಪೇಂಟರ್ ಅವರ ಸಿನಿಮಾಗಳಿಗೂ ಕೆಲಸ ಮಾಡಿದ್ದರು. ಭಾನು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ಸೂಜಾ, ಹುಸೇನ್, ರಜಾ ಇದ್ದ ಪ್ರೋಗ್ರೆಸಿವ್ ಕಲಾವಿದರ ಗುಂಪಿನ ಪ್ರದರ್ಶನದಲ್ಲಿ ಇವರ ಚಿತ್ರಗಳೂ ಇದ್ದವು. ಆ ಗುಂಪಿನ ಒಬ್ಬಳೇ ಹೆಣ್ಣುಮಗಳು. ಹೊಟ್ಟೆಪಾಡಿಗೆ ಹೆಂಗಸರ ಪತ್ರಿಕೆಗೆ ಫ್ಯಾಷನ್ ಚಿತ್ರ ಬರೆಯುತ್ತಿದ್ದರು. ಅಲ್ಲಿಂದ ಬಟ್ಟೆ ಅಂಗಡಿ, ಅಲ್ಲಿಂದ ನಟಿಯರ ಪರಿಚಯ. ವಸ್ತ್ರವಿನ್ಯಾಸಕಿಯಾಗಿ 1956ರ 'ಸಿ.ಐ.ಡಿ.'ಯಿಂದ ಶುರು. ಆಮೇಲೆ ಗುರುದತ್ ಅವರ 'ಪ್ಯಾಸಾ', 'ಸಾಹಿಬ್ ಬೀಬಿ ಔರ್ ಗುಲಾಮ್'.

ಅವರನ್ನು ಬರೀ ಫ್ಯಾಷನ್ನಿನವರು ಎಂದು ಎಣಿಸಬೇಡ್ರಿ. ಚಿತ್ರಕಾರರ ಕಣ್ಣು ಅದು. 1966ರ 'ಆಮ್ರಪಾಲಿ'ಗಾಗಿ ಅವರು ಅಜಂತಾಗೆ ಹೋಗಿ ಗುಹೆಯ ಭಿತ್ತಿಚಿತ್ರಗಳನ್ನು ಅಭ್ಯಾಸ ಮಾಡಿ ಬಂದರು. ಅಲ್ಲಿವರೆಗೆ ಪುರಾಣ, ಇತಿಹಾಸದ ಸಿನಿಮಾ ಎಂದರೆ ಕ್ಯಾಲೆಂಡರ್ ಚಿತ್ರದ ಹಾಗೆ ಮೈತುಂಬ ಜರಿ. ವೈಜಯಂತಿಮಾಲಾಗೆ ಇವರು ಕೊಟ್ಟಿದ್ದು ಎದೆಗೆ ಸುತ್ತಿದ ಪಟ್ಟಿ, ಸೊಂಟದ ಕೆಳಗೆ ಕಟ್ಟಿದ ಬಟ್ಟೆ, ತೆಳು ಉತ್ತರೀಯ, ಮೇಲೆ ಒಡವೆ. ಬುದ್ಧನ ಕಾಲದ ವೈಶಾಲಿಯ ನರ್ತಕಿ ಅವಳು. ಹೊಲಿದ ಬಟ್ಟೆಗಿಂತ ಸುತ್ತಿದ ಬಟ್ಟೆ ಹೆಚ್ಚಾಗಿ ಕಾಣಬೇಕು, ಕಂಡಿದೆ. ಸಿನಿಮಾ ಅಷ್ಟಾಗಿ ಓಡಲಿಲ್ಲ, ಉಡುಪು ಮಾತ್ರ ಓಡಿತು. ಇವತ್ತಿಗೂ ಶಾಲೆಯ ನೃತ್ಯಕ್ಕೆ ಬಾಡಿಗೆಗೆ ಸಿಗುವ 'ಅಪ್ಸರೆ ಡ್ರೆಸ್' ನೋಡಿದರೆ ನನಗೆ ಆಮ್ರಪಾಲಿಯೇ ಕಾಣುತ್ತಾಳೆ.

ರಂಗದ ಹುಡುಗ, ತುಮಕೂರು

ಕ್ಯಾಲೆಂಡರ್ ಥರ ಜರಿ ಅಂದಿರಲ್ಲ ಸರ್, ಅದಕ್ಕೊಂದು ಕಾರಣ ಇದೆ. ಕನ್ನಡದ ಮಟ್ಟಿಗಂತೂ ಆ ಉಡುಪು ಬಂದಿದ್ದು ಕಂಪನಿ ನಾಟಕದಿಂದ. ಗುಬ್ಬಿ ವೀರಣ್ಣನವರ ಕಂಪನಿ 1930ರ ದಶಕದ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆ ತಂದು ರಂಗದ ಮೇಲೆ ನಿಲ್ಲಿಸಿತ್ತು. ಅಂಥ ರಂಗದಲ್ಲಿ ಕೊನೇ ಸಾಲಿನಲ್ಲಿ ಕೂತವನಿಗೆ ದುರ್ಯೋಧನ ಯಾರು, ಕರ್ಣ ಯಾರು ಎಂದು ಗೊತ್ತಾಗಬೇಕು. ಅದಕ್ಕೇ ಮಖಮಲ್, ಅದಕ್ಕೇ ಗಾಜಿನ ಹರಳು, ಅದಕ್ಕೇ ದೊಡ್ಡ ಕಿರೀಟ, ಭುಜಕೀರ್ತಿ.

1954ರ 'ಬೇಡರ ಕಣ್ಣಪ್ಪ' ತಯಾರಾಗಿದ್ದು ಗುಬ್ಬಿ ಕಂಪನಿಯ ಬಳಗದಿಂದಲೇ. ರಾಜ್‌ಕುಮಾರ್ ಆ ಕಂಪನಿಯ ರಂಗದಲ್ಲಿ ಬೆಳೆದವರು. ಅದೇ ನಟರು, ಅದೇ ಕಥೆಗಳು ಕ್ಯಾಮೆರಾ ಎದುರು ಬಂದಾಗ ಉಡುಪಿನ ರೀತಿಯೂ ಜೊತೆಗೇ ಬಂತು. ಅದನ್ನು ಕೊರತೆ ಎಂದು ನಾನು ಹೇಳುವುದಿಲ್ಲ. ರಾಜ್‌ಕುಮಾರ್ ಆ ಭಾರದ ಕಿರೀಟ ಹೊತ್ತು ನಡೆಯುವುದನ್ನು ನೋಡಿ. ಕತ್ತು ಅಲುಗುವುದಿಲ್ಲ, ಎದೆ ತಾನಾಗಿ ಮುಂದೆ ಬರುತ್ತದೆ, ಹೆಜ್ಜೆ ಅಗಲವಾಗುತ್ತದೆ. ನಾಟಕದಲ್ಲಿ ಅಂಥ ವೇಷ ಹಾಕಿದವರಿಗೆ ಗೊತ್ತು, ಭಾರವೇ ನಡಿಗೆ ಕಲಿಸುತ್ತದೆ. ಈಗ ಫೈಬರ್ ಕಿರೀಟ ಬಂದಿದೆ, ಹಗುರ. ನಡಿಗೆಯೂ ಹಗುರವಾಗಿದೆ.

ಮಲ್ಲೇಶ್ವರದ ಅತ್ತೆ

ನಮ್ಮ ಕಾಲದ ಹುಡುಗಿಯರಿಗೆ ಸಾಧನಾಗಿಂತ ಹತ್ತಿರದವಳು ನಮ್ಮ ಕಲ್ಪನಾ. ಪೂರ್ತಿ ತೋಳಿನ ರವಿಕೆ, ಅದಕ್ಕೆ ಹೊಂದುವ ಸೀರೆ, ಹೊಂದುವ ಸರ, ಎತ್ತರದ ತುರುಬು. 'ಗೆಜ್ಜೆಪೂಜೆ', 'ಶರಪಂಜರ' ಬಂದಾಗ ನಾವೆಲ್ಲ ಟೈಲರ್ ಹತ್ತಿರ ಹೋಗಿ "ಕಲ್ಪನಾ ಥರ ತೋಳು" ಎಂದರೆ ಸಾಕಿತ್ತು, ಅಳತೆ ತೆಗೆದುಕೊಳ್ಳುತ್ತಿದ್ದರು. ಆ ಉಡುಪು ದುಬಾರಿ ಬಟ್ಟೆಯನ್ನು ಕೇಳುತ್ತಿರಲಿಲ್ಲ, ಅದೇ ಅದರ ಚೆಂದ. ಸಾಮಾನ್ಯ ವಾಯಿಲ್ ಸೀರೆಗೂ ಆ ರವಿಕೆ ಹೊಂದುತ್ತಿತ್ತು.

'ಶರಪಂಜರ'ವನ್ನು ಈಗ ನೋಡುವವರು ಸೀರೆಯನ್ನೂ ಗಮನಿಸಿ. ಕಾವೇರಿ ಸುಖವಾಗಿದ್ದಾಗಿನ ಅಚ್ಚುಕಟ್ಟು ಬೇರೆ, ಮನಸ್ಸು ಕದಡಿದ ಮೇಲಿನ ಸೆರಗು ಬೇರೆ. ಪುಟ್ಟಣ್ಣ ಕಣಗಾಲ್ ಅದನ್ನೆಲ್ಲ ಸುಮ್ನೆ ಬಿಟ್ಟವರಲ್ಲ.

ಜಯಂತಿಯನ್ನೂ ಮರೆಯಬೇಡಿ. 1965ರ 'ಮಿಸ್ ಲೀಲಾವತಿ'ಯಲ್ಲಿ ಅವರು ಈಜುಡುಗೆ ತೊಟ್ಟರು. ಆ ಕಾಲಕ್ಕೆ ಅದೆಂಥ ಧೈರ್ಯ! ಆ ಪಾತ್ರವೇ ತನ್ನಿಷ್ಟದಂತೆ ಬದುಕುವ ಹುಡುಗಿಯದು, ಅವಳ ಬಟ್ಟೆಯೂ ಅದನ್ನೇ ಹೇಳಬೇಕಿತ್ತು.

ಕಪ್ಪುಬಿಳುಪು

ಅತ್ತೆ, ಗಂಡಸರ ಕಡೆ ಒಂದು ಮಾತು. 1968ರ 'ಗೋವಾದಲ್ಲಿ ಸಿ.ಐ.ಡಿ. 999' ನೋಡಿದ್ದೀರಲ್ಲ? ಅದೇ ರಾಜ್‌ಕುಮಾರ್, ಈಗ ಸೂಟು. ಭುಜಕ್ಕೆ ಸರಿಯಾಗಿ ಕೂತ ಕೋಟು, ಸಣ್ಣ ಟೈ. ಪುರಾಣದ ಪಾತ್ರಗಳಲ್ಲಿ ಎದೆಯುಬ್ಬಿಸಿ ನಿಲ್ಲುತ್ತಿದ್ದ ಮನುಷ್ಯ ಇಲ್ಲಿ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ಸಲೀಸಾಗಿ ನಿಂತಿದ್ದಾರೆ. ತೆರೆಯ ಹೊರಗೆ ಅವರದ್ದು ಯಾವಾಗಲೂ ಬಿಳಿ ಪಂಚೆ, ಬಿಳಿ ಅಂಗಿ. ಹಾಗಾಗಿ ತೆರೆಯ ಮೇಲಿನ ಪ್ರತಿ ಉಡುಪೂ ಪಾತ್ರದ್ದೇ ಆಗಿ ಕಾಣುತ್ತಿತ್ತು.

ಮೈಸೂರಿನ ಮೇಷ್ಟ್ರು

ನನ್ನದು ಸ್ವಲ್ಪ ತಕರಾರು. 1965ರ 'ಗೈಡ್' ಚಿತ್ರಕ್ಕೂ ಭಾನು ಅಥೈಯಾ ಅವರೇ ಉಡುಪು ಮಾಡಿದ್ದು. ಎಲ್ಲರೂ ಹೊಗಳುತ್ತಾರೆ. ನಮ್ಮೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಅವರ ಕಥೆ ಅದು. ಕಥೆಯ ಮಾಲ್ಗುಡಿ ದಕ್ಷಿಣದ ಊರು, ಕಥಾನಾಯಕಿ ರೋಸಿ ಭರತನಾಟ್ಯದ ಹಿನ್ನೆಲೆಯವಳು. ಸಿನಿಮಾದವರು ಕಥೆಯನ್ನು ಉದಯಪುರಕ್ಕೆ ಸಾಗಿಸಿದರು. ಅದರಿಂದ ಆದ ಬೇಸರವನ್ನು ನಾರಾಯಣ್ ಒಂದು ಲೇಖನದಲ್ಲೇ ಬರೆದಿದ್ದಾರೆ. ಊರು ಬದಲಾದ ಕೂಡಲೇ ಸೀರೆ ಉಡುವ ರೀತಿ, ಒಡವೆ, ಗಂಡಸರ ಪೇಟ ಎಲ್ಲ ಬದಲಾಯಿತು. ವಹೀದಾ ರೆಹಮಾನ್ ಚೆಂದ ಕಾಣುತ್ತಾರೆ, ಒಪ್ಪುತ್ತೇನೆ. ಆದರೆ ರೋಸಿ ಎಲ್ಲಿಂದ ಬಂದವಳು ಎನ್ನುವುದು ಆ ಬಟ್ಟೆಯಲ್ಲಿ ಅಳಿಸಿಹೋಗಿದೆ. ಚೆಂದವಿದ್ದರೆ ಸಾಕೇ?

ಹೊಲಿಗೆಮನೆ, ಶಿವಮೊಗ್ಗ

ಸಾಕಾಗುವುದಿಲ್ಲ ಮೇಷ್ಟ್ರೇ. ನಿಮ್ಮ ನೋವು ನ್ಯಾಯವಾದದ್ದೇ. ಆದರೆ ಅದರ ಹೊಣೆ ವಸ್ತ್ರವಿನ್ಯಾಸಕಿಯ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ಊರು ಯಾವುದು ಎಂದು ತೀರ್ಮಾನಿಸುವವರು ನಿರ್ದೇಶಕರು, ನಿರ್ಮಾಪಕರು. ಉದಯಪುರ ಎಂದಾದ ಮೇಲೆ ಉದಯಪುರಕ್ಕೆ ತಕ್ಕ ಬಟ್ಟೆಯೇ ಆಗಬೇಕು. ಅವರ ಜವಾಬ್ದಾರಿ ಪಾತ್ರವನ್ನು ಆ ಜಾಗದಲ್ಲಿ ನಂಬುವಂತೆ ನಿಲ್ಲಿಸುವುದು.

ಅವರ ಕೈಗೆ ಸರಿಯಾದ ಕಥೆ, ಸರಿಯಾದ ಜಾಗ ಸಿಕ್ಕಿದಾಗ ಏನಾಯಿತು ಎಂಬುದಕ್ಕೆ 1982ರ 'ಗಾಂಧಿ' ಇದೆಯಲ್ಲ. ಬ್ರಿಟಿಷ್ ಸಮವಸ್ತ್ರದ ಕಡೆ ಜಾನ್ ಮೊಲ್ಲೊ ನೋಡಿಕೊಂಡರು, ಭಾರತೀಯರ ಉಡುಪು ಭಾನು ಅವರದು. ಆ ಕಥೆಯನ್ನು ಬಟ್ಟೆಯಲ್ಲೇ ಹೇಳಬಹುದು. ದಕ್ಷಿಣ ಆಫ್ರಿಕಾದಲ್ಲಿ ವಕೀಲರ ಸೂಟು. ಮರಳಿ ಬಂದಾಗ ಕಾಠಿಯಾವಾಡದ ಪೇಟ, ಅಂಗಿ, ಧೋತಿ. 1921ರ ಸೆಪ್ಟೆಂಬರ್‌ನಲ್ಲಿ ಮಧುರೈಯಲ್ಲಿ ಗಾಂಧೀಜಿ ಅಂಗಿ ಬಿಟ್ಟು ತುಂಡು ಪಂಚೆಗೆ ಇಳಿದರು, ಅದು ಚರಿತ್ರೆ. ಸಿನಿಮಾದಲ್ಲಿ ಅವರ ಸುತ್ತ ಇರುವವರ ಖಾದಿಯನ್ನೂ ನೋಡಿ. ನೆಹರೂ ಅವರ ಖಾದಿ ಇಸ್ತ್ರಿಯದು, ಹಳ್ಳಿಗರದ್ದು ಒಗೆದು ಒಗೆದು ಸವೆದದ್ದು. ಒಂದೇ ಬಿಳಿ ಬಣ್ಣದಲ್ಲಿ ಇಷ್ಟು ವ್ಯತ್ಯಾಸ ತೋರಿಸುವುದು ನಮ್ಮ ಕಸುಬಿನಲ್ಲಿ ಬಹಳ ಕಷ್ಟದ ಕೆಲಸ. 1983ರಲ್ಲಿ ಅವರಿಗೂ ಮೊಲ್ಲೊ ಅವರಿಗೂ ಆಸ್ಕರ್ ಬಂತು. ಆಸ್ಕರ್ ಪಡೆದ ಮೊದಲ ಭಾರತೀಯರು ಅವರೇ.

ಲಂಡನ್ ಕನ್ನಡತಿ

ಆ ಆಸ್ಕರ್ ಈಗ ಎಲ್ಲಿದೆ ಗೊತ್ತಾ? 2012ರಲ್ಲಿ ಭಾನು ಅವರು ಅದನ್ನು ಅಮೆರಿಕದ ಅಕಾಡೆಮಿಗೇ ವಾಪಸ್ ಕೊಟ್ಟರು. ತಮ್ಮ ನಂತರ ಅದು ಜೋಪಾನವಾಗಿ ಉಳಿಯಲಿ ಎಂಬ ಆಸೆ. 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆಸ್ಕರ್ ವಾಪಸ್ ಕೊಟ್ಟ ಸುದ್ದಿ ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಪ್ರಶಸ್ತಿಗೇ ನಮ್ಮಲ್ಲಿ ನೆಚ್ಚಿಕೆಯ ಜಾಗ ಕಾಣದಿದ್ದರೆ ಬಟ್ಟೆಯ ಗತಿ?

2012ರಲ್ಲೇ ಇಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಹಾಲಿವುಡ್ ಉಡುಪುಗಳ ದೊಡ್ಡ ಪ್ರದರ್ಶನ ನಡೆಯಿತು. ನೂರಕ್ಕೂ ಹೆಚ್ಚು ಉಡುಪುಗಳು. ಹತ್ತಿರ ನಿಂತರೆ ಹೊಲಿಗೆ ಕಾಣುತ್ತಿತ್ತು. ಹೊಳಪು ಹೋದ ಬಟ್ಟೆ, ಬೆವರಿನ ಕಲೆ, ಅಳತೆ ಬಿಚ್ಚಿ ಮತ್ತೆ ಹೊಲಿದ ಗುರುತು. ಇವನ್ನು ಉಳಿಸಿದ್ದೂ ಸುಲಭವಾಗಿ ಅಲ್ಲ. 1970ರಲ್ಲಿ ಎಂ.ಜಿ.ಎಂ. ಸ್ಟುಡಿಯೊ ತನ್ನ ಉಡುಪಿನ ರಾಶಿಯನ್ನೇ ಹರಾಜು ಹಾಕಿತು. ನಟಿ ಡೆಬ್ಬಿ ರೆನಾಲ್ಡ್ಸ್ ಕೈಲಾದಷ್ಟು ಕೊಂಡು ದಶಕಗಳ ಕಾಲ ಕಾಪಾಡಿದರು. ವಸ್ತುಸಂಗ್ರಹಾಲಯ ಮಾಡುವ ಕನಸು ಕೈಗೂಡಲಿಲ್ಲ. 2011ರಲ್ಲಿ ಮರಿಲಿನ್ ಮನ್ರೊ ಅವರ ಹಾರುವ ಬಿಳಿ ಉಡುಪು ಅವರ ಸಂಗ್ರಹದಿಂದ 46 ಲಕ್ಷ ಡಾಲರಿಗೆ ಹರಾಜಾಯಿತು.

ಹೊಲಿದವರ ಹೆಸರು ಮುಚ್ಚಿಹೋಗುವುದು ಅಲ್ಲೂ ಇತ್ತು. 1954ರ 'ಸಬ್ರೀನಾ'ದಲ್ಲಿ ಆಡ್ರಿ ಹೆಪ್‌ಬರ್ನ್ ತೊಟ್ಟ ಪ್ಯಾರಿಸ್ ಉಡುಪುಗಳು ಅಲ್ಲಿನ ವಿನ್ಯಾಸಕ ಜಿವಾಂಶಿ ಅವರವು. ಪರದೆಯ ಮೇಲೆ ಅವರ ಹೆಸರಿಲ್ಲ. ಆಸ್ಕರ್ ಮಾತ್ರ ಸ್ಟುಡಿಯೊದ ವಸ್ತ್ರವಿನ್ಯಾಸಕಿ ಎಡಿತ್ ಹೆಡ್ ಅವರಿಗೆ ಹೋಯಿತು. ಎಡಿತ್ ಹೆಡ್ ಸಾಮಾನ್ಯರಲ್ಲ, ಒಟ್ಟು ಎಂಟು ಆಸ್ಕರ್ ಗೆದ್ದವರು. ಆದರೂ ಅದು ಸರಿಯಲ್ಲ ಅನ್ನಿಸುತ್ತದೆ.

ಹುಬ್ಬಳ್ಳಿ ಓದುಗ

ನಮ್ಮಲ್ಲಿ ಡಿಸೈನರ್ ಹೆಸರಾದರೂ ಬಂತು, ಕೈಯಿಂದ ಮಾಡಿದವರದ್ದು ಎಲ್ಲಿ ಬಂತ್ರಿ? 1960ರ 'ಮೊಘಲ್-ಎ-ಆಜಮ್'ಗೆ ದಿಲ್ಲಿಯ ದರ್ಜಿಗಳು, ಸೂರತ್ತಿನ ಕಸೂತಿಯವರು, ಹೈದರಾಬಾದಿನ ಅಕ್ಕಸಾಲಿಗರು, ಕಿರೀಟಕ್ಕೆ ಕೊಲ್ಹಾಪುರದವರು, ಆಯುಧಕ್ಕೆ ರಾಜಸ್ಥಾನದ ಕಮ್ಮಾರರು, ಪಾದರಕ್ಷೆಗೆ ಆಗ್ರಾದವರು. ಎಲ್ಲರೂ ಊರಿನ ಹೆಸರಿನಲ್ಲೇ ಉಳಿದರು.

ಮಲ್ಲೇಶ್ವರದ ಅತ್ತೆ

ನಮ್ಮ ಕನ್ನಡದ ಒಂದು ಹೆಸರನ್ನಾದರೂ ಇಲ್ಲಿ ಬರೆದಿಡೋಣ. 1997ರ 'ತಾಯಿ ಸಾಹೇಬ' ಚಿತ್ರದ ಉಡುಪಿಗೆ ವೈಶಾಲಿ ಕಾಸರವಳ್ಳಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಸ್ವಾತಂತ್ರ್ಯದ ಆಚೀಚಿನ ಕಾಲದ ದೊಡ್ಡ ಮನೆತನದ ಕಥೆ, ಜಯಮಾಲಾ ಅವರದ್ದು ಮುಖ್ಯ ಪಾತ್ರ. ಹಳೇ ಚಿತ್ರಗಳ ಸಾಲಿಗೆ ಸೇರದಿರಬಹುದು. ಆದರೆ ಹಳೇ ಕಾಲವನ್ನು ಹೇಗೆ ಉಡಿಸಬೇಕು ಎಂದು ತೋರಿಸಿದ ಚಿತ್ರ. ವೈಶಾಲಿಯನ್ನು ನಾವು ನಟಿಯಾಗಿ ನೆನೆಯುತ್ತೇವೆ, ಈ ಕೆಲಸಕ್ಕೂ ನೆನೆಯಬೇಕು.

ಹೊಸ ಸದಸ್ಯೆ, ಮಂಗಳೂರು

ಎಲ್ಲ ಓದಿದೆ, ತುಂಬಾ ಖುಷಿಯಾಯಿತು. ಹೊಲಿಗೆಮನೆ ಅಕ್ಕ, ನನಗೊಂದು ಸಹಾಯ ಬೇಕು. ಅಣ್ಣನ ಮದುವೆ ಸಂಗೀತಕ್ಕೆ ಮುಮ್ತಾಜ್ ಸೀರೆಯ ಥರ ಉಡಬೇಕೆಂದಿದ್ದೇನೆ. ಅಜ್ಜಿಯ ಹಳೇ ಮೈಸೂರು ರೇಷ್ಮೆ ಸೀರೆ ಇದೆ, ಬಣ್ಣವೂ ಹತ್ತಿರ ಹತ್ತಿರ ಕಿತ್ತಳೆ. ಅದನ್ನು ಕತ್ತರಿಸಿ ಹೊಲಿಸಬಹುದಾ?

ಹೊಲಿಗೆಮನೆ, ಶಿವಮೊಗ್ಗ

ದಯವಿಟ್ಟು ಕತ್ತರಿಸಬೇಡಮ್ಮ. ಮುಮ್ತಾಜ್ ಸೀರೆಯ ಗುಟ್ಟು ಏನೆಂದರೆ, ಅದನ್ನು ಮೊದಲೇ ಹೊಲಿದಿಟ್ಟಿದ್ದರು. ಶಮ್ಮಿ ಕಪೂರ್ ಜೊತೆ ಅಷ್ಟು ಜೋರಾಗಿ ಕುಣಿಯುವಾಗ ನೆರಿಗೆ ಬಿಚ್ಚಬಾರದು, ಸೊಂಟದ ಸುತ್ತು ಸಡಿಲವಾಗಬಾರದು. ನೀನೂ ಕುಣಿಯುವವಳೇ, ಹಾಗಾಗಿ ಹೊಲಿಗೆ ಬೇಕು, ಆದರೆ ಬಿಚ್ಚಬಹುದಾದ ಹೊಲಿಗೆ.

ಗಟ್ಟಿ ಹತ್ತಿ ಬಟ್ಟೆಯಲ್ಲಿ ಸೊಂಟದ ಅಳತೆಗೆ ಎರಡೂವರೆ ಇಂಚು ಅಗಲದ ಪಟ್ಟಿ ಮಾಡಿಸು, ಎಡಪಕ್ಕ ಹುಕ್ಕು. ಕೆಳಗೆ ಮೈಗೆ ಕೂರುವ ಲಂಗ ಇರಲಿ, ಅಗಲ ಲಂಗ ಹಾಕಿದರೆ ಆ ಆಕಾರ ಬರುವುದೇ ಇಲ್ಲ. ಸೀರೆಯನ್ನು ಬಿಗಿಯಾಗಿ ಸುತ್ತಿ, ಅಂಚು ಮೇಲೊಂದು ಕೆಳಗೊಂದು ಓರೆಯಾಗಿ ಕಾಣುವ ಹಾಗೆ ಪಟ್ಟಿಗೆ ಕಚ್ಚಾ ಹೊಲಿಗೆ ಹಾಕಬೇಕು. ಸಣ್ಣ ಸೂಜಿ, ರೇಷ್ಮೆ ದಾರ. ಮೆಷಿನ್ ಹತ್ತಿರ ಒಯ್ಯಬೇಡ, ಹಳೇ ರೇಷ್ಮೆಯಲ್ಲಿ ಸೂಜಿ ತೂತು ಉಳಿದುಬಿಡುತ್ತದೆ. ಸೇಫ್ಟಿ ಪಿನ್ನೂ ಬೇಡ, ಜರಿ ಎಳೆ ಕಿತ್ತು ಬರುತ್ತದೆ.

ಹೊಲಿಯುವ ಮೊದಲು ಸೀರೆಯನ್ನು ಪೂರ್ತಿ ಬಿಡಿಸಿ ಬೆಳಕಿಗೆ ಹಿಡಿದು ನೋಡು. ಮಡಿಕೆ ಇದ್ದ ಜಾಗದಲ್ಲಿ ಬೆಳಕು ಗೀರಿನಂತೆ ಒಳಬಂದರೆ ಅಲ್ಲಿ ರೇಷ್ಮೆ ಒಡೆಯುತ್ತಿದೆ ಎಂದರ್ಥ. ಹಾಗಿದ್ದರೆ ಆ ಸೀರೆಯನ್ನು ಕುಣಿತಕ್ಕೆ ಉಡಬೇಡ. ಜಾರ್ಜೆಟ್ ತಗೊಂಡು ಅಂಚು ಕೂರಿಸೋಣ. ಫೋಟೋ ಕಳಿಸು, ಅಂಚಿನ ಅಗಲ ಎಷ್ಟು ಎಂದು ತಿಳಿಸು, ಉಳಿದದ್ದು ನಾನು ಹೇಳುತ್ತೇನೆ.